ಗಣಿತದ ಮೇಡಂ ಬರೆದ ಕೊಲೆಗಳು

ನಮ್ಮ ಗಣಿತದ ಮೇಡಂ ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಅಷ್ಟರಲ್ಲಿ ಕಂಡಕಂಡವರೆಲ್ಲ ಅವರ ಬಗ್ಗೆ ನನಗೇ ಪಾಠ ಹೇಳುವಂತಾಗಿದೆ. ಕಾರಣ ಒಂದು ಸಾಕ್ಷ್ಯಚಿತ್ರ. ಬೆಂಗಳೂರಿನಿಂದ ಬಂದಿದ್ದ ಮೂವರು ಯುವಕ ಯುವತಿಯರು ತೆಗೆದದ್ದು, ಫೋನಿನಲ್ಲೇ ನೋಡುವಂಥದ್ದು. ಅದರಲ್ಲಿ ಮೇಡಂ ತೊಣ್ಣೂರು ಕೆರೆಯ ಏರಿಯ ಮೇಲೆ ನಮಗೆ ಬೆನ್ನು ಮಾಡಿ ನಿಧಾನಕ್ಕೆ ನಡೆದು ಹೋಗುತ್ತಾರೆ. ಹಿನ್ನೆಲೆಯಲ್ಲಿ ಯಾರೋ ಪಿಟೀಲಿಗೆ ಹಿಂಸೆ ಕೊಡುತ್ತಿರುವಂಥ ಸಂಗೀತ. ಮೊನ್ನೆ ಗಂಜಾಂನಲ್ಲಿ ದೇವಸ್ಥಾನದ ಮುಂದೆ ಹೂವು ಮಾರುವಾಕೆ ನನ್ನನ್ನು ನಿಲ್ಲಿಸಿ ಕೇಳಿದಳು: “ಆ ಕೊಲೆ ಮೇಡಂ ಜೊತೇಲೇ ನೀವು ದಿನಾ ಬಸ್ಸಲ್ಲಿ ಓಡಾಡ್ತಿದ್ರಂತಲ್ಲವ್ವಾ. ಬಯ ಆಯ್ತಿರ್ನಿಲ್ವಾ?”

ಭಯ ಆಗುತ್ತಿದ್ದದ್ದು ನಿಜ. ಆದರೆ ಅದು ಅವರ ಊಟದ ಕ್ಯಾರಿಯರ್ ಕಂಡರೆ. ಮೂರು ಡಬ್ಬಿಯ ಆ ಕ್ಯಾರಿಯರಿನಲ್ಲಿ ಒಂದು ಡಬ್ಬಿ ನನಗೆಂದೇ ಬರುತ್ತಿತ್ತು. ತಳ ಕಾಣುವವರೆಗೆ ತಿನ್ನದೆ ಮೇಲೇಳುವ ಹಾಗಿರಲಿಲ್ಲ. “ಇಷ್ಟೇ ತಿಂದ್ಕಂಡು ಅದೆಂಗೆ ಪಾಠ ಮಾಡೀಯಮ್ಮಿ ನೀನು? ಜೋರಾಗಿ ಗಾಳಿ ಬಂದ್ರೆ ಓಗ್ಬುಡ್ತೀಯ” ಎನ್ನುತ್ತ ಇನ್ನೊಂದು ಸೌಟು ಹಾಕುತ್ತಿದ್ದರು.

ಫೋನಿನಲ್ಲಿರುವ ಮೇಡಂ ಬೇರೆ, ನಾನು ಕಂಡವರು ಬೇರೆ. ನಾನು ಕಂಡವರನ್ನು ಕಂಡ ಹಾಗೆ ಬರೆದಿಡೋಣ ಎಂದು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಅವರ ಹೆಸರನ್ನು ಬೇಡದ ಕಾಗದಗಳಲ್ಲೆಲ್ಲ ಬರೆದಾಗಿದೆ.

ಪಾಂಡವಪುರ ದಾಟಿ ಸಿಗುವ ಒಂದು ಹಳ್ಳಿಯ ಪ್ರೌಢಶಾಲೆಗೆ ನಾನು ಕನ್ನಡ ಕಲಿಸಲು ಸೇರಿದಾಗ ಅವರು ಅಲ್ಲಿ ಹಳೆಯ ತಲೆ. ಕೆ.ಆರ್. ಪೇಟೆ ಕಡೆಯ ಒಕ್ಕಲು ಮನೆತನದ ಮಗಳು, ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರ ಸೊಸೆ. ಗಂಡ ಶ್ರೀರಂಗಪಟ್ಟಣದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರಿಂದ ಮನೆ ಅಲ್ಲೇ. ನನ್ನ ಮನೆಯೂ ಅಲ್ಲೇ ಆದ್ದರಿಂದ ಎಂಟೂ ಕಾಲಿನ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟು.

ಆಳು ಕುಳ್ಳು, ದನಿ ದೊಡ್ಡದು. ಕಿವಿಯ ಮೇಲೆ ಸದಾ ಕೆಂಪು ಪೆನ್ನು. ಅದನ್ನು ಅಲ್ಲೇ ಇಟ್ಟುಕೊಂಡು ಇಡೀ ಸ್ಟಾಫ್ ರೂಮು ಜಾಲಾಡುವುದು ದಿನದ ಕಾರ್ಯಕ್ರಮ. ತರಗತಿಯಲ್ಲಿ ಅಚ್ಚಿನಂಥ ಕನ್ನಡ ಮಾತಾಡುವವರು ಶಾಲೆಯ ಗೇಟು ದಾಟಿದ್ದೇ ತಡ ಊರ ಮಾತಿಗೆ ಬಂದುಬಿಡುತ್ತಿದ್ದರು. “ಅಂದ್ಕಂಡ್ರೆ ಸಾಲ್ದು, ಸಾಧಿಸ್ಬೇಕು” ಎನ್ನುವುದು ಅವರ ಮಾತು. ಮಕ್ಕಳಿಗೂ ಅದೇ, ಸೊಪ್ಪು ಎಳೆಯದು ಎಂದು ಆಣೆ ಇಡುವ ಸಂತೆಯ ಸೊಪ್ಪಿನವಳಿಗೂ ಅದೇ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನನಗೆ ಅವರ ನೋಟ್‌ಬುಕ್ಕಿನ ದರ್ಶನವಾಯಿತು. ಆ ಬಸ್ಸಿಗೊಬ್ಬ ಕಂಡಕ್ಟರ್ ಇದ್ದ. ಹೆಂಗಸರು ಓಡಿ ಬರುವುದು ಕಂಡರೆ ಆಗಲೇ ರೈಟ್ ಹೇಳಿ, ಹಿಂಬಾಗಿಲಲ್ಲಿ ನಿಂತು ನಗುವ ಜಾತಿ. ಅವತ್ತು ಮೇಡಂ ಸೆರಗು ಸಿಕ್ಕಿಸಿಕೊಂಡು ಓಡಿ ಬಂದು ಹೇಗೋ ಹತ್ತಿದರು. ಏದುಸಿರು ಬಿಡುತ್ತ ನನ್ನ ಪಕ್ಕ ಕೂತು, ಬ್ಯಾಗಿನಿಂದ ಕಂದು ರಟ್ಟು ಹಾಕಿದ ಉದ್ದನೆಯ ನೋಟ್‌ಬುಕ್ ತೆಗೆದು ಬರೆಯತೊಡಗಿದರು. ಮಕ್ಕಳ ಲೆಕ್ಕ ತಿದ್ದುತ್ತಿದ್ದಾರೆ ಎಂದುಕೊಂಡು ಇಣುಕಿದೆ.

ರೇಖಾಗಣಿತದ ಪ್ರಮೇಯವನ್ನು ನಮ್ಮ ಪಠ್ಯದಲ್ಲಿ ಹೇಗೆ ಬರೆಸುತ್ತಾರೆ ಎಂಬುದು ಓದಿದವರಿಗೆ ನೆನಪಿರುತ್ತದೆ. ಮೊದಲು ದತ್ತ, ಅಂದರೆ ನಮಗೆ ಕೊಟ್ಟಿರುವುದು. ಆಮೇಲೆ ಸಾಧನೀಯ, ಅಂದರೆ ತೋರಿಸಬೇಕಾದದ್ದು. ಆಮೇಲೆ ರಚನೆ, ಕೊನೆಗೆ ಸಾಧನೆ. ಮೇಡಂ ಬರೆದಿದ್ದರು: “ದತ್ತ: ‘ಕ’ ಎಂಬ ಕಂಡಕ್ಟರನು ಹಿಂಬಾಗಿಲಲ್ಲಿ ನಿಂತು, ಓಡಿ ಬರುವ ಹೆಂಗಸರನ್ನು ನೋಡಿ ನಗುವನು. ಸಾಧನೀಯ: ‘ಕ’ ಇನ್ನು ಮುಂದೆ ನಗಲಾರನು. ರಚನೆ: ಹಿಂಬಾಗಿಲ ಎರಡನೆಯ ಮೆಟ್ಟಿಲ ಮೇಲೆ ಒಂದು ಬಾಳೆಹಣ್ಣಿನ ಸಿಪ್ಪೆಯನ್ನು ಇಡಿ.” ಪಕ್ಕದಲ್ಲಿ ಬಸ್ಸಿನ ಚಿತ್ರ, ತಿರುವಿನ ಕೋನ, ‘ಕ’ ಹಾರಿ ಬೀಳುವ ದಾರಿಗೆ ಚುಕ್ಕಿ ಚುಕ್ಕಿ ಗೆರೆ. ಬಸ್ಸು ಪಾಂಡವಪುರ ಮುಟ್ಟುವ ಹೊತ್ತಿಗೆ “ಸಾಧಿಸಲಾಗಿದೆ” ಎಂದು ಬರೆದು ಅಡಿಗೆರೆ ಎಳೆದರು. ಇಳಿಯುವಾಗ ಅದೇ ಕಂಡಕ್ಟರನ ಕೆಮ್ಮು ಕೇಳಿ, “ಏನಪ್ಪಾ ಇಂಗೆ ಕೆಮ್ತಿದ್ದೀಯ? ಒಸಿ ಬಿಸಿನೀರು ಕುಡಿ” ಎಂದು ಹೇಳಿ ಇಳಿದರು.

ಅಂದಿನಿಂದ ಸೀಟಿನಲ್ಲಿ ಕೂತ ಕೂಡಲೇ ನಾನು “ಅಕ್ಕ, ಇವತ್ತು ಯಾರು?” ಎಂದು ಕೇಳುವುದು ರೂಢಿಯಾಯಿತು. ಬಸ್ಸಿನಲ್ಲಿ ಫೋನಿನ ಸದ್ದು ಜೋರಾಗಿಟ್ಟವನು ಸತ್ತ. ಹಲ್ಲು ಕೀಳುವಾಗ ರಾಜಕೀಯ ಮಾತಾಡಿದ ದಂತವೈದ್ಯರು ಸತ್ತರು. ಪ್ರತಿ ಮದುವೆಯಲ್ಲೂ “ಹೆಂಗಸ್ರಿಗ್ಯಾಕವ್ವಾ ಗಣಿತ?” ಎಂಬ ಒಂದೇ ತಮಾಷೆಯನ್ನು ಹೇಳುತ್ತಿದ್ದ ಅವರ ದೊಡ್ಡ ಭಾವ, ತಮ್ಮದೇ ಗೃಹಪ್ರವೇಶದ ದಿನ ಗಂಟು ಮುದ್ದೆ ಗಂಟಲಿಗೆ ಸಿಕ್ಕಿ ಹೋದರು. ಕೊಲೆಗೆ ನಿಯಮಗಳಿದ್ದವು. ರಕ್ತ ಬರಕೂಡದು, ಯಾಕೆಂದರೆ ಒಗೆಯುವವರು ಯಾರು. ವಿಷ ಕೂಡದು, ಯಾಕೆಂದರೆ ತರಲು ಅಂಗಡಿಗೆ ಹೋಗಬೇಕು, ಅಂಗಡಿಯವನು ಬಾಯಿಬಡುಕ. ಗಂಡನನ್ನೇ ಮೂರು ಸಲ ಕೊಂದಿದ್ದರು. ಒಟ್ಟು ಮೂವತ್ತು ಕೊಲೆಯಾದದ್ದು ನನಗೆ ಗೊತ್ತು. ಮೂವತ್ತೊಂದನೆಯದರ ವಿಷಯ ಮುಂದೆ ಹೇಳುತ್ತೇನೆ.

ಒಮ್ಮೆ ಕೇಳಿದ್ದೆ, “ಅಕ್ಕ, ನಿಜವಾಗಲೂ ಮಾಡಬೇಕು ಅನ್ನಿಸಲ್ವಾ?”

“ಮಾಡೋರು ಬರ್ಕಂಡು ಕೂತಿರ್ತಾರಾ? ಬರ್ಯೋದ್ರೊಳಗೆ ಕ್ವಾಪ ಮುಗ್ದೋಯ್ತದೆ ಕಣಮ್ಮಿ. ಅದ್ಕೇ ಇಷ್ಟುದ್ದ ಬರ್ಯೋದು.”

ಅದು ನಿಜವೇ ಇರಬೇಕು. ಅಷ್ಟು ವರ್ಷದಲ್ಲಿ ಅವರು ಒಂದು ಮಗುವಿನ ಕಿವಿ ಹಿಂಡಿದ್ದನ್ನು ನಾನು ಕಂಡಿಲ್ಲ. ಸ್ಟಾಫ್ ರೂಮಿನ ಹಲ್ಲಿಯನ್ನು ಓಡಿಸಲು ಹೋದ ಅಟೆಂಡರನ್ನು “ಅದ್ರ ಪಾಡಿಗೆ ಅದು ಅದೆ, ಬುಡಪ್ಪ” ಎಂದು ಗದರಿಸಿದವರು.

ನಮ್ಮ ಹೆಡ್‌ಮಾಸ್ಟರು ಮಾತ್ರ ಬಹಳ ಕಾಲ ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಎರಡು ನಿಮಿಷ ತಡವಾದರೂ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದ ಮನುಷ್ಯ. ಯಾಕೆ ಬರೆದಿಲ್ಲ ಎಂದು ಕೇಳಿದ್ದಕ್ಕೆ, “ಅವ್ರ್ನ ಯಾವಾಗ್ಲಾರಾ ನಿಧಾನಕ್ಕೆ ಬರ್ಯೋಣ, ದೀಪಾವಳಿ ರಜದಲ್ಲಿ” ಎಂದು ನಕ್ಕಿದ್ದರು.

ಆ ವರ್ಷ ಮೇಡಂ ಅವರ ತಾಯಿಗೆ ಊರಿನಲ್ಲಿ ಹುಷಾರು ತಪ್ಪಿತು. ಮೇಡಂ ಒಂದು ವಾರ ರಜೆ ಕೇಳಿ ಅರ್ಜಿ ಕೊಟ್ಟರು. ಎದುರಿಗೆ ವಾರ್ಷಿಕ ಪರೀಕ್ಷೆ. ಹೆಡ್‌ಮಾಸ್ಟರು ಅರ್ಜಿಯನ್ನು ಓದಿ, ಮಡಿಸಿ, ವಾಪಸ್ಸು ಕೊಟ್ಟು, ನಮ್ಮೆಲ್ಲರ ಎದುರಿಗೇ ಹೇಳಿದರು: “ತಾಯಿ ಎಲ್ಲರಿಗೂ ಇರ್ತಾರೆ ಮೇಡಂ. ಪರೀಕ್ಷೆ ವರ್ಷಕ್ಕೆ ಒಂದೇ.” ಮೂರನೆಯ ದಿನ ಮೇಡಂ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡುತ್ತಿರುವಾಗಲೇ ತಾಯಿ ತೀರಿಕೊಂಡರು. ಸುದ್ದಿ ಬಂದ ಮೇಲೂ ಕೊನೆಯ ಗಂಟೆ ಹೊಡೆಯುವವರೆಗೆ ಅವರು ಕೊಠಡಿ ಬಿಡಲಿಲ್ಲ. ಉತ್ತರ ಪತ್ರಿಕೆಗಳನ್ನು ಎಣಿಸಿ, ಕಟ್ಟಿ, ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು ಹೊರಟರು.

ತಿಥಿ ಮುಗಿಸಿ ಬಂದ ದಿನ ಬಸ್ಸಿನಲ್ಲಿ ನಾನು “ಇವತ್ತು ಯಾರು?” ಎಂದು ಕೇಳಲಿಲ್ಲ. ಅವರೇ ನೋಟ್‌ಬುಕ್ ತೆರೆದು ನನ್ನ ತೊಡೆಯ ಮೇಲಿಟ್ಟರು. ದತ್ತದಲ್ಲಿ ಹೆಡ್‌ಮಾಸ್ಟರು. ರಚನೆಯಲ್ಲಿ ತೊಣ್ಣೂರು ಕೆರೆ, ನೀರಿನ ಅಂಚಿನ ಬಂಡೆ, ಬಂಡೆಯ ಮೇಲೆ ಒಬ್ಬ, ಅವನ ಹಿಂದೆ ಒಬ್ಬಳು. ‘ಸಾಧನೆ’ ಎಂದು ಬರೆದು ಕೆಳಗೆ ಏನೂ ಬರೆದಿರಲಿಲ್ಲ. ಬಾಳೆಹಣ್ಣಿನ ಸಿಪ್ಪೆಯಿಲ್ಲ, ತಮಾಷೆಯಿಲ್ಲ. ಪುಟವನ್ನು ನೋಡಿ ಮುಚ್ಚಿ ಕೊಟ್ಟೆ.

ಹೊಸ ವರ್ಷದ ತರಗತಿಗಳು ಶುರುವಾಗಿ ಕೆಲವು ತಿಂಗಳಾದ ಮೇಲೆ ಒಂಬತ್ತನೆಯ ತರಗತಿಯವರನ್ನು ಹೊರಸಂಚಾರಕ್ಕೆ ತೊಣ್ಣೂರಿಗೇ ಕರೆದುಕೊಂಡು ಹೋದೆವು. ಜಾಗ ಆರಿಸಿದವರು ಹೆಡ್‌ಮಾಸ್ಟರೇ. ನಾನು ಮಕ್ಕಳಿಗೆ ದೇವಸ್ಥಾನ ತೋರಿಸುತ್ತಿದ್ದೆ. ಹೆಡ್‌ಮಾಸ್ಟರು ಕೆರೆಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಮೇಡಂ ಕೂಡ ಕಾಣಲಿಲ್ಲ. ಹತ್ತು ನಿಮಿಷ ಕಳೆದಿರಬಹುದು. ಕೆರೆಯ ಕಡೆಯಿಂದ ಅವರ ಕೂಗು ಕೇಳಿಸಿತು. ಓಡಿ ಹೋದರೆ, ಈಜು ಬಾರದ ನಮ್ಮ ಮೇಡಂ ಎದೆಮಟ್ಟ ನೀರಿನಲ್ಲಿ ನಿಂತು ಹೆಡ್‌ಮಾಸ್ಟರ ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಎಮ್ಮೆ ಮೈತೊಳೆಯುತ್ತಿದ್ದವನೊಬ್ಬ ಬಂದು ಇಬ್ಬರನ್ನೂ ಎಳೆದು ಹಾಕಿದ. ಹೆಡ್‌ಮಾಸ್ಟರ ಸೊಂಟದ ಮೂಳೆ ಮುರಿದಿತ್ತು, ತಲೆಗೂ ಪೆಟ್ಟು ಬಿದ್ದಿತ್ತು. ಮೈಸೂರಿಗೆ ಸಾಗಿಸಿದರು.

ಮರುದಿನ ಮೇಡಂ ಜ್ವರದಿಂದ ರಜೆ. ಅವರ ತರಗತಿಗೆ ಹೋದ ವಿಜ್ಞಾನದ ಮೇಷ್ಟ್ರು, ಮೇಜಿನ ಮೇಲಿದ್ದ ಮಕ್ಕಳ ರೇಖಾಗಣಿತದ ನೋಟ್‌ಬುಕ್ಕುಗಳನ್ನು ತಿದ್ದೋಣವೆಂದು ತೆಗೆದುಕೊಂಡರು. ಆ ರಾಶಿಯಲ್ಲಿ ಮೇಡಂ ಅವರ ಕಂದು ರಟ್ಟಿನ ನೋಟ್‌ಬುಕ್ಕೂ ಸೇರಿಕೊಂಡಿತ್ತು. ಮೊದಲ ಪುಟದ ಬಸ್ಸಿನ ಕೋನ ಸರಿಯಾಗಿದೆ ಎಂದು ರೈಟ್ ಗುರುತು ಹಾಕಿ, ‘ಉತ್ತಮ’ ಎಂದು ಬರೆದು ಪುಟ ತಿರುಗಿಸಿದ ಮೇಲೆ ಅವರಿಗೆ ಬೆವರು ಕಿತ್ತುಕೊಂಡಿತು. ಕೊನೆಯ ಪುಟದ ಹೊತ್ತಿಗೆ ಎದ್ದು ನಿಂತಿದ್ದರಂತೆ. ಸಂಜೆಯೊಳಗೆ ನೋಟ್‌ಬುಕ್ ಹೆಡ್‌ಮಾಸ್ಟರ ಹೆಂಡತಿಯ ಕೈ ಸೇರಿತು. ಅಲ್ಲಿಂದ ಠಾಣೆಗೆ.

ಇನ್ಸ್‌ಪೆಕ್ಟರು ಗದರುವ ಮನುಷ್ಯನಲ್ಲ. ನನ್ನನ್ನು ಕೂರಿಸಿ, ಟೀ ತರಿಸಿ, ಆ ಪುಟವನ್ನು ತೆರೆದಿಟ್ಟರು.

“ಇದು ಕತೆಯಾ ಮೇಡಂ, ಪ್ಲಾನಾ?”

“ಕತೆ ಸಾರ್. ಅವರು ಎಲ್ಲರನ್ನೂ ಹೀಗೇ ಬರೀತಾರೆ. ಉಳಿದವರೆಲ್ಲ ಚೆನ್ನಾಗಿದ್ದಾರೆ.”

“ಅದನ್ನೇ ನಾನೂ ಕೇಳ್ತಿರೋದು. ಉಳಿದೋರೆಲ್ಲ ಚೆನ್ನಾಗವ್ರೆ. ಇವ್ರೊಬ್ರು ಆಸ್ಪತ್ರೆಲವ್ರೆ.” ಖಾಲಿ ಬಿಟ್ಟ ಜಾಗದ ಮೇಲೆ ಬೆರಳಿಟ್ಟರು. “ಇದ್ಯಾಕೆ ಬರ್ದಿಲ್ಲ?”

“ಗೊತ್ತಿಲ್ಲ ಸಾರ್.”

“ನೀವು ಅವ್ರ ಜೊತೇಲೇ ಇದ್ರಾ?”

“ಹತ್ತು ನಿಮಿಷ ಇರಲಿಲ್ಲ.”

“ತಳ್ಳಿರ್ಬೋದು ಅನ್ಸುತ್ತಾ?”

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಆದರೆ ನನಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟ ಆ ಪುಟ ನೆನಪಾಯಿತು, ಅದನ್ನು ತೋರಿಸಿದಾಗ ಅವರು ನಗದೇ ಇದ್ದದ್ದು ನೆನಪಾಯಿತು. “ಗೊತ್ತಿಲ್ಲ ಸಾರ್” ಎಂದೆ. ಇನ್ಸ್‌ಪೆಕ್ಟರು ಅದನ್ನು ಹಾಗೆಯೇ ಬರೆದುಕೊಂಡರು. ಹೊರಗೆ ಬಂದಾಗ ಕಂಡದ್ದು, ಕಿಟಕಿಯ ಪಕ್ಕದ ಬೆಂಚಿನಲ್ಲೇ ಮೇಡಂ ಕೂತಿದ್ದಾರೆ. ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು. ನನ್ನ ಮುಖ ನೋಡಿ, “ಊಟ ಮಾಡಿದ್ಯಾ?” ಎಂದರು.

ಅವರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ ಎಂದು ಆಮೇಲೆ ತಿಳಿಯಿತು: “ಬರೆದದ್ದು ನಾನು. ತಳ್ಳಿದ್ದು ನಾನಲ್ಲ. ಅವೆರಡೂ ಬೇರೆ ಬೇರೆ ಪ್ರಮೇಯ.”

ಗಂಡನನ್ನೂ ಕರೆಸಿದರು. ಗಿರಣಿಯಿಂದ ಹಾಗೇ ಬಂದಿದ್ದರು, ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ನಿಮ್ಮನ್ನೇ ಮೂರು ಸಲ ಕೊಂದಿದ್ದಾರಲ್ಲ, ನಿಮಗೆ ಏನೂ ಅನ್ನಿಸಲಿಲ್ಲವೇ ಎಂದು ಇನ್ಸ್‌ಪೆಕ್ಟರು ಕೇಳಿದರಂತೆ.

“ಎಲ್ಲಾನೂ ಓದಿವ್ನಿ ಸಾ. ಮೂರು ಸಲಾನೂ ಒಟ್ಟೆ ತುಂಬ ಉಣ್ಣಾಕಿಕ್ಕೇ ಕೊಂದವ್ಳೆ. ಒಂದ್ಸಲ ಕೋಳಿ ಸಾರು.”

ಆದರೂ ಅದು ನಗುವ ವಾರವಾಗಿರಲಿಲ್ಲ. ಇಲಾಖೆಯಿಂದ ನೋಟೀಸು ಬಂತು. ಪಾಠ ಮಾಡಕೂಡದು ಎಂದಾಯಿತು. ಇಬ್ಬರು ತಂದೆಯರು ಶಾಲೆಗೆ ಬಂದು, ನಮ್ಮ ಮಕ್ಕಳನ್ನು ಆಕೆಯ ತರಗತಿಗೆ ಕೂರಿಸಬೇಡಿ ಎಂದರು. ಆ ಇಬ್ಬರೂ ಒಂದು ಕಾಲಕ್ಕೆ ಅದೇ ಆಕೆಯಿಂದ ಲಸಾಅ ಮಸಾಅ ಕಲಿತವರು. ಮೇಡಂ ಮನೆಯಲ್ಲಿ ಕೂತರು. ನಾನು ಎಂಟೂ ಕಾಲಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಒಬ್ಬಳೇ ಕೂತು ಹೋದೆ.

ಆರನೆಯ ದಿನ ಹೆಡ್‌ಮಾಸ್ಟರಿಗೆ ಸರಿಯಾಗಿ ಎಚ್ಚರ ಬಂತು. ಇನ್ಸ್‌ಪೆಕ್ಟರು ಆಸ್ಪತ್ರೆಗೆ ಹೋಗಿ ಹೇಳಿಕೆ ಪಡೆದರು. ಕೆರೆ ಹಿಂದೆ ಕಾಣುವಂತೆ ತನ್ನದೇ ಫೋಟೋ ತೆಗೆದುಕೊಳ್ಳಲು ನೀರಿಗೆ ಬೆನ್ನು ತಿರುಗಿಸಿ, ಬಂಡೆಯ ಮೇಲೆ ಒಂದೊಂದೇ ಹೆಜ್ಜೆ ಹಿಂದಿಡುತ್ತ ಹೋಗಿ, ತಾನೇ ಜಾರಿ ಬಿದ್ದೆ. ಮೇಡಂ ಬಂದು ಹಿಡಿದುಕೊಳ್ಳದಿದ್ದರೆ ಉಳಿಯುತ್ತಿರಲಿಲ್ಲ. ಇದು ಅವರ ಹೇಳಿಕೆ. ಮಕ್ಕಳಿಗೆ ಫೋನ್ ಹಿಡಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ಮನುಷ್ಯನ ಬಾಯಲ್ಲಿ ಈ ಮಾತು ಬರುವುದು ಸುಲಭವಾಗಿರಲಾರದು. ಪ್ರಕರಣ ಅಲ್ಲಿಗೆ ಮುಗಿಯಿತು. ನೋಟ್‌ಬುಕ್ ವಾಪಸ್ಸು ಕೊಡುವಾಗ ಇನ್ಸ್‌ಪೆಕ್ಟರು, “ಎಲ್ಲಾ ಓದ್ದೆ ಮೇಡಂ. ಹನ್ನೆರಡನೆಯದು ಆಗಲ್ಲ. ಆ ಬಸ್ಸು ಭಾನುವಾರ ಓಡಲ್ಲ” ಎಂದರಂತೆ. ಆ ಇಡೀ ವಾರದಲ್ಲಿ ಮೇಡಂಗೆ ನಿಜವಾಗಿ ಅವಮಾನವಾದದ್ದು ಆಗಲೇ.

ಮನೆಗೆ ಹೋಗಿ ನೋಟ್‌ಬುಕ್ಕನ್ನು ಬಚ್ಚಲೊಲೆಗೆ ಹಾಕಿದರು. ಕೆಲಸಕ್ಕೆ ಮರಳಿದರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದರು, ಡಬ್ಬಿಯೂ ಬರುತ್ತಿತ್ತು. ಮಾತು ಮಾತ್ರ ಇರಲಿಲ್ಲ. ತಿಂಗಳ ಮೇಲೆ ಒಂದು ದಿನ ತಡೆಯಲಾರದೆ, “ಅಕ್ಕ, ನಾನು ಅವತ್ತು ಇಲ್ಲ ಅನ್ನಬೇಕಿತ್ತು” ಎಂದೆ.

“ಯಾಕೆ? ಗೊತ್ತಿಲ್ಲದಿದ್ದುನ್ನ ಗೊತ್ತು ಅಂತ ಬರ್ಯೋ ಮಕ್ಕಳಿಗೆ ನಾನು ಸೊನ್ನೆ ಹಾಕ್ತೀನಿ. ನೀನು ಸರಿಯಾಗೇ ಯೋಳಿದ್ದೀಯ.” ಕಿಟಕಿಯ ಕಡೆ ತಿರುಗಿ ಸೇರಿಸಿದರು, “ಸರಿಯಾಗಿದ್ದೂ ನೋಯ್ತದೆ ಕಣಮ್ಮಿ. ಅದ್ಕೇನ್ ಮಾಡಕಾಯ್ತದೆ?”

“ಮತ್ತೆ ಆ ಪುಟದಲ್ಲಿ ಸಾಧನೆ ಯಾಕೆ ಖಾಲಿ ಬಿಟ್ಟಿದ್ರಿ?”

“ಅಮ್ಮನ ತಿಥಿ ಊಟ ಉಂಡು ಬರ್ಯಕ್ಕೆ ಕೂತಿದ್ದೆ. ನಿದ್ದೆ ಬಂದ್ಬುಡ್ತು.”

ನಾನು ನಕ್ಕೆ. ಅವರೂ ನಕ್ಕರು. ಅಷ್ಟರಲ್ಲಿ ಕಂಡಕ್ಟರು ನಮ್ಮ ಸ್ಟಾಪಿನಲ್ಲಿ ನಿಲ್ಲಿಸದೆ ಮುಂದಕ್ಕೆ ಹೋದ. ಮೇಡಂ ಬ್ಯಾಗನ್ನು ತೋಳಿಗೇರಿಸಿಕೊಂಡು ಎದ್ದು ನಿಂತು, ಮೆಲ್ಲಗೆ, “ದತ್ತ” ಎಂದರು. ಅಲ್ಲಿಂದ ಮುಂದೆ ಕೊಲೆಗಳೆಲ್ಲ ಬಾಯಿಮಾತಿನಲ್ಲೇ ನಡೆದವು.

ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ನಾಗಮಂಗಲದ ಕಡೆಯ ತಮ್ಮ ಹಳ್ಳಿಗೆ ಹೋದರು. ನಿಜವಾದ ಅಪರಾಧಗಳ ಕುರಿತು ಚಿತ್ರ ಮಾಡುವವರು ಅವರನ್ನು ಹುಡುಕಿಕೊಂಡು ಹೋದದ್ದು ಹೋದ ವರ್ಷ. ಅಪರಾಧವೇ ನಡೆದಿಲ್ಲವಲ್ಲ ಎಂದು ನಾನು ಫೋನಿನಲ್ಲಿ ಹೇಳಿದ್ದಕ್ಕೆ, ನಿರ್ದೇಶಕಿ ಹುಡುಗಿ, “ಅದೇ ಮ್ಯಾಮ್ ನಮ್ಮ ಸಬ್ಜೆಕ್ಟು” ಎಂದಳು. ಮೇಡಂ ಒಪ್ಪಿಕೊಂಡರು, ನಾನೂ ಜೊತೆಗಿರಬೇಕೆಂದು ಷರತ್ತು ಹಾಕಿದರು. ಹೀಗಾಗಿ ಒಂದು ಬೆಳಿಗ್ಗೆ ನಾವೆಲ್ಲ ಮತ್ತೆ ತೊಣ್ಣೂರು ಕೆರೆಯ ಏರಿಯ ಮೇಲೆ ಸೇರಿದೆವು.

ಸುಟ್ಟ ನೋಟ್‌ಬುಕ್ಕಿಗೆ ಬದಲಾಗಿ ಚಿತ್ರದವರು ಇನ್ನೊಂದನ್ನು ಮಾಡಿಸಿಕೊಂಡು ಬಂದಿದ್ದರು. ಪುಟಪುಟದಲ್ಲೂ ಕೆಂಪು ಶಾಯಿಯ ಸೊಟ್ಟ ಅಕ್ಷರ, ಅಲ್ಲಲ್ಲಿ ತಲೆಬುರುಡೆ. ಮೇಡಂ ಕನ್ನಡಕ ಏರಿಸಿ ನೋಡಿದರು. “ತ್ರಿಕೋನದ ಮೂರು ಕೋನ ಕೂಡುದ್ರೆ ನೂರ ತೊಂಬತ್ತಾಗ್ತದೆ ಇಲ್ಲಿ. ಯಾರು ಬರ್ದಿದ್ದಿದು?” ಕ್ಯಾಮೆರಾ ಹಿಡಿದಿದ್ದ ಹುಡುಗ ತಲೆ ತಗ್ಗಿಸಿದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಯ ಮೇಲಿನ ಪೆನ್ನು ತೆಗೆದು, ಆರು ಪುಟ ತಿದ್ದಿಕೊಟ್ಟ ಮೇಲೆಯೇ ಏರಿಯ ಮೇಲೆ ನಡೆಯಲು ಎದ್ದರು.

ಕೊನೆಗೆ ನಿರ್ದೇಶಕಿ ಅವರನ್ನು ಕಲ್ಲಿನ ಮೇಲೆ ಕೂರಿಸಿ ಕೇಳಿದಳು: “ಮ್ಯಾಮ್, ಫ್ಯಾಂಟಸಿಗೂ ಕ್ರೈಮಿಗೂ ಮಧ್ಯೆ ಇರೋ ಗೆರೆ ಎಲ್ಲಿದೆ ಅನ್ಸುತ್ತೆ ನಿಮಗೆ?”

ಮೇಡಂ ತರಗತಿಯ ಕನ್ನಡಕ್ಕೆ ಬಂದರು. “ಗೆರೆಗೆ ಉದ್ದ ಇರುತ್ತದೆ, ಅಗಲ ಇರುವುದಿಲ್ಲ. ಆದ್ದರಿಂದ ಅದರ ಮೇಲೆ ಯಾರೂ ನಿಲ್ಲಲಾರರು. ಈ ಕಡೆ ಇರಬೇಕು, ಇಲ್ಲವೇ ಆ ಕಡೆ.”

ಹುಡುಗಿಗೆ ಖುಷಿಯೋ ಖುಷಿ. ಚಿತ್ರ ಅದೇ ಮಾತಿನಿಂದ ಮುಗಿಯುತ್ತದೆ. ಅವರೆಲ್ಲ ಊಟ ತರಲು ವ್ಯಾನಿನ ಕಡೆ ಹೋದರು. ನಾವಿಬ್ಬರೇ ಉಳಿದೆವು. ಮೇಡಂ ನೀರನ್ನೇ ನೋಡುತ್ತ ಕೂತಿದ್ದವರು, “ಆ ಮಗೂಗೆ ಒಸಿ ಸುಳ್ಳು ಯೋಳ್ಬುಟ್ಟೆ” ಎಂದರು.

“ಏನು ಸುಳ್ಳು ಅಕ್ಕ?”

“ನಿಲ್ಲಕಾಗಲ್ಲ ಅಂದ್ನಲ್ಲ. ನಾನು ನಿಂತಿದ್ದೆ.”

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

“ಅವತ್ತು ನಾನು ಹೆಡ್‌ಮಾಸ್ಟ್ರ ಇಂದ್ಗಡೇನೇ ಕೆರೆ ಕಡೀಕೆ ಓದೆ. ಮಕ್ಕಳಿಗೆ ಊಟ ಎಲ್ಲಿ ಬಡ್ಸೋದು ಅಂತ ಕೇಳಕ್ಕೆ, ಇನ್ನೇನಕ್ಕೂ ಅಲ್ಲ. ನೋಡುದ್ರೆ ಆ ಬಂಡೆ ಮೇಲೆ ನಿಂತವ್ರೆ. ನೀರು ನೋಡ್ತಾವ್ರೆ, ಬೆನ್ನು ನನ್ ಕಡೆ. ಸುತ್ತ ಒಂದು ನರಪಿಳ್ಳೆ ಇಲ್ಲ. ಎಲ್ಲಾ ನಾನು ಬರ್ದಿದ್ದಂಗೇ ಅದೆ. ಆಮೇಲೆ ಅವ್ರ ಷರಟು ಕಾಣ್ತು. ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರ್ತು. ಪಾಪ, ತಾನೇ ಇಸ್ತ್ರಿ ಮಾಡ್ಕಂಡವ್ರೆ ಅನ್ನಿಸ್ತು. ತಿರುಕ್ಕಂಡು ವಾಪಸ್ ಬಂದೆ. ಹತ್ತೆಜ್ಜೆ ಬಂದಿದ್ದೆ, ದಬ್ ಅಂತ ಸದ್ದಾಯ್ತು.”

“ಆಗ ಓಡಿದ್ರಿ.”

“ಇಲ್ಲ. ತಿರುಗಿ ನೋಡ್ದೆ. ನೀರಿಂದ ತಲೆ ಮೇಲ್ ಬಂತು. ಒಂದು, ಎರ್ಡು, ಮೂರು. ಅಷ್ಟೊತ್ತು ನಿಂತಿದ್ದೆ ಕಣಮ್ಮಿ. ಕಾಲು ಬರ್ನಿಲ್ಲ ಅಂತ ಯೋಳ್ಬೋದು, ಎಲ್ರೂ ನಂಬ್ತಾರೆ. ಕಾಲು ಬರ್ತಿತ್ತು. ನಾನೇ ಬುಡ್ನಿಲ್ಲ. ಅಮ್ಮನ್ನ ನೆನುಸ್ಕಂಡೆ. ಆಮೇಲೆ ಓಡ್ದೆ.”

ಅವರ ಕೈ ಹಿಡಿದುಕೊಂಡೆ. ಅವರು ಅಳಲಿಲ್ಲ.

“ಮೂವತ್ತೊಂದು ಬರ್ದಿದ್ದುಕ್ಕೆ ಠಾಣೆಗೆ ಕರ್ದ್ರು. ಅದ್ರಲ್ಲಿ ಒಂದೂ ನನ್ನ ಮನಸ್ಸಿಗೆ ತಟ್ಟಿಲ್ಲ. ಬರೀದೇ ಇದ್ದ ಆ ಮೂರು ಎಣಿಕೆ ಅದಲ್ಲ, ಅದು ದಿನಾ ತಟ್ತದೆ. ಅದ್ನ ಯಾರೂ ಕೇಳ್ಲೇ ಇಲ್ಲ.”

“ಅಕ್ಕ, ಆಮೇಲೆ ಎದೆಮಟ್ಟ ನೀರಿಗೆ ಇಳಿದವರೂ ನೀವೇ. ಈಜು ಬರಲ್ಲ ನಿಮಗೆ.”

“ಇಳ್ದೆ. ಅದೂ ನಾನೇ, ಇದೂ ನಾನೇ.” ಹುಡುಗರು ಊಟದ ಪೊಟ್ಟಣ ಹಿಡಿದು ಬರುತ್ತಿರುವುದು ಕಂಡು ಸೆರಗು ಸರಿಮಾಡಿಕೊಂಡರು. “ಬಾ, ಆ ಐಕಳು ಸರಿಯಾಗಿ ಉಣ್ತವೋ ಇಲ್ವೋ ನೋಡನ.”

ಚಿತ್ರ ಫೋನುಗಳಲ್ಲಿ ಬಂದಾಗ ಮೇಡಂ ಅರ್ಧ ನೋಡಿ, ನಾನು ಇಷ್ಟು ನಿಧಾನಕ್ಕೆ ಯಾವತ್ತೂ ನಡೆದಿಲ್ಲ ಎಂದು ಮುಚ್ಚಿದರಂತೆ. ಯಜಮಾನರು ಮಾತ್ರ ಹತ್ತಾರು ಸಲ ನೋಡಿದರು. ಕೋಳಿ ಸಾರಿನ ಮಾತನ್ನು ಅದರಲ್ಲಿ ಹಾಕಿದ್ದರು. ಅದಾದ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುತ್ತಿದ್ದ ಹಾಗೇ ಮೇಡಂ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ನಾನು ಹೋದಾಗ ಮನೆಯ ಮುಂದೆ ಶಾಮಿಯಾನದ ತುಂಬ ಜನ. ಹಳೆಯ ವಿದ್ಯಾರ್ಥಿಗಳೇ ಅರ್ಧ. ಸ್ವಲ್ಪ ಹೊತ್ತಿಗೆ ಎಲ್ಲರೂ ಒಂದೇ ಕಡೆ ತಿರುಗಿ ನೋಡತೊಡಗಿದರು. ನಮ್ಮ ಹೆಡ್‌ಮಾಸ್ಟರು ಬಂದಿದ್ದರು. ನಿವೃತ್ತಿಯ ಮೇಲೆ ಕೆ.ಆರ್. ಪೇಟೆಯಲ್ಲಿದ್ದಾರೆ. ಆ ಸೊಂಟದಲ್ಲಿ, ಕೋಲು ಊರಿಕೊಂಡು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಫೋಟೋಕ್ಕೆ ಹೂ ಹಾಕಿ ಕೈಮುಗಿದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

“ಆ ಚಿತ್ರದವರು ನನ್ನ ಹತ್ರಾನೂ ಬಂದಿದ್ರು ಮೇಡಂ” ಎಂದರು ಆಮೇಲೆ. “ಜಾರಿ ಬಿದ್ದೆ ಅಂದೆ. ಅಷ್ಟೇ ಹಾಕವ್ರೆ.”

“ಜಾರಿದ್ದೇ ತಾನೇ ಸಾರ್?”

“ಜಾರಿದ್ದೇ. ಅದ್ರಲ್ಲಿ ಸುಳ್ಳಿಲ್ಲ.” ಕೋಲಿನ ಹಿಡಿಯನ್ನು ಸವರುತ್ತ ದನಿ ತಗ್ಗಿಸಿದರು. “ಮುಳುಗಿ ಮೇಲೆ ಬಂದೆನಲ್ಲ, ಆಗ ದಡದಲ್ಲಿ ಅವ್ರು ಕಂಡ್ರು. ನನ್ನನ್ನೇ ನೋಡ್ತಾ ನಿಂತಿದ್ರು. ಕೂಗೋಣ ಅಂದ್ರೆ ಬಾಯ್ತುಂಬ ನೀರು. ಅವ್ರು ಬರ್ಲಿಲ್ಲ. ಆಮೇಲೆ ಬಂದ್ರು.”

ಇಷ್ಟು ವರ್ಷ ಈ ಮನುಷ್ಯನಿಗೆ ಗೊತ್ತಿತ್ತು.

“ಪೊಲೀಸರಿಗೆ ಯಾಕೆ ಹೇಳಲಿಲ್ಲ ಸಾರ್?”

ಹೆಡ್‌ಮಾಸ್ಟರು ಫೋಟೋವನ್ನು ನೋಡಿದರು.

“ನಿಂತ್ಕೊಂಡು ಏನು ನೆನೆಸ್ಕೊಳ್ತಾವ್ರೆ ಅಂತ ನನಗೆ ನೀರೊಳಗೇ ಗೊತ್ತಾಗೋಯ್ತು. ಆ ಅರ್ಜಿ ಮಡಿಸಿ ಕೊಟ್ಟೋನು ನಾನೇ ಅಲ್ವಾ? ಅವ್ರ ಜಾಗದಲ್ಲಿ ನಾನಿದ್ದಿದ್ರೆ, ಇನ್ನೂ ಒಸಿ ಹೊತ್ತು ನಿಂತಿರ್ತಿದ್ದೆ ಕಣಮ್ಮ.”

ಎಲೆ ಹಾಕಿದ್ದಾರೆ ಬನ್ನಿ ಎಂದು ಯಾರೋ ಕೂಗಿದರು. ಮೇಡಂ ಅವರ ಯಜಮಾನರೇ ನಮ್ಮ ಕಡೆ ಬಂದು, ಹೆಡ್‌ಮಾಸ್ಟರ ಕೋಲನ್ನು ತಾವು ಇಸಿದುಕೊಂಡು, ರಟ್ಟೆ ಹಿಡಿದು ಎಬ್ಬಿಸಿ, ಮೊದಲ ಪಂಕ್ತಿಯಲ್ಲಿ ಕೂರಿಸಿದರು. ನಾನು ಹೋಗಿ ಅವರ ಪಕ್ಕದ ಎಲೆಯಲ್ಲಿ ಕೂತೆ.